ಪ್ರಿಂಟಿನ ಹಿಂಬದಿ ನೋಡೋ ಅಭ್ಯಾಸ

ಯಾವುದಾದ್ರೂ ಕೈಯಚ್ಚಿನ ಪ್ರಿಂಟ್ ಸಿಕ್ರೆ ನಾನು ಮೊದಲು ಅದನ್ನ ತಿರುಗಿಸಿ ಹಿಂಬದಿ ನೋಡ್ತೀನಿ. ಚಿತ್ರ ಹೇಗಿದೆ, ಯಾರು ಮಾಡಿದ್ದು, ಅದೆಲ್ಲ ಆಮೇಲೆ. ಕೈಯಲ್ಲಿ ಉಜ್ಜಿ ತೆಗೆದ ವುಡ್‌ಕಟ್, ಅಂದ್ರೆ ಮರದ ಹಲಗೆ ಕೆತ್ತಿ ತೆಗೆದ ಅಚ್ಚು, ಆಗಿದ್ರೆ ಹಿಂದುಗಡೆ ಸುತ್ತುಸುತ್ತಾಗಿ ಉಜ್ಜಿರೋ ಗುರುತು ಕಾಣುತ್ತೆ, ಕಾಗದ ತೆಳುವಾಗಿದ್ರೆ ಬಣ್ಣ ಸ್ವಲ್ಪ ಈ ಕಡೆಗೂ ಇಳಿದಿರುತ್ತೆ, ಆಸಿಡ್‌ನಲ್ಲಿ ಗೆರೆ ಕೊರೆಸಿದ ತಾಮ್ರದ ಪ್ಲೇಟಿಂದ ತೆಗೆದ ಎಚಿಂಗ್ ಆಗಿದ್ರೆ ಪ್ಲೇಟಿನ ಅಂಚು ಕಾಗದದೊಳಗೆ ಒತ್ತಿಕೊಂಡಿರೋ ಚೌಕ ಬೆರಳಿಗೆ ಸಿಗುತ್ತೆ. ಮುಂದಿನ ಮುಖ ನಮಗೆ ತೋರಿಸೋಕೆ ಅಂತಾನೇ ಮಾಡಿದ್ದು. ಹಿಂದಿನ ಮುಖದಲ್ಲಿ ಕೆಲಸ ಹೇಗೆ ನಡೀತು ಅನ್ನೋದು ಇರುತ್ತೆ, ಎಲ್ಲಿ ಜೋರಾಗಿ ಒತ್ತಿದ್ರು, ಎಲ್ಲಿ ಕೈ ಹಗುರ ಮಾಡಿದ್ರು, ಎಲ್ಲಿ ಮತ್ತೊಂದ್ಸಲ ಹೋಗಿ ಉಜ್ಜಿದ್ರು, ಎಲ್ಲ.

ಪ್ರಿಂಟ್ ಅಂದ್ರೆ ನಂಗೆ ಇಷ್ಟು ಪ್ರೀತಿ ಯಾಕೆ ಅಂತ ಯೋಚಿಸಿದಾಗೆಲ್ಲ ನಾನು ಬಂದು ನಿಲ್ಲೋದು ಇಲ್ಲೇ. ಈ ಕಾಗದ ಆ ಮರವನ್ನ ಮುಟ್ಟಿದೆ. ಅಷ್ಟೇ ವಿಷಯ. ಐವತ್ತು ಹಾಳೆ ತೆಗೆದಿದ್ರೆ ಐವತ್ತೂ ಒಂದೊಂದಾಗಿ ಹೋಗಿ ಅದೇ ಹಲಗೆಯನ್ನ ಮುಟ್ಟಿ ಬಂದಿವೆ. ಜನ ಪ್ರಿಂಟ್ ನೋಡಿದ ತಕ್ಷಣ ಕೇಳೋ ಪ್ರಶ್ನೆ, ಹಾಗಾದ್ರೆ ಇದರ ಒರಿಜಿನಲ್ ಎಲ್ಲಿದೆ ಅಂತ. ಕೇಳೋದ್ರಲ್ಲಿ ತಪ್ಪೇನಿಲ್ಲ, ಈಗ ಪ್ರಿಂಟ್ ಅನ್ನೋ ಹೆಸರಲ್ಲಿ ಮಾರೋದ್ರಲ್ಲಿ ಹೆಚ್ಚಿನವು ಯಾವುದೋ ಪೇಂಟಿಂಗನ್ನ ಸ್ಕ್ಯಾನ್ ಮಾಡಿ ಇಂಕ್‌ಜೆಟ್‌ನಲ್ಲಿ ತೆಗೆದವು, ಅವುಗಳಿಗೆ ನಿಜವಾಗ್ಲೂ ಇನ್ನೆಲ್ಲೋ ಒಂದು ಒರಿಜಿನಲ್ ಇರುತ್ತೆ. ಕೆತ್ತಿ, ಇಂಕ್ ಹಾಕಿ, ಒತ್ತಿ ತೆಗೆದಿದ್ದಕ್ಕೆ ಅದು ಇರಲ್ಲ. ಬ್ಲಾಕ್ ಇದೆ, ಆದ್ರೆ ಬ್ಲಾಕ್ ಚಿತ್ರ ಅಲ್ಲ, ಉಲ್ಟಾ ಇರೋ ಇಂಕ್ ಹತ್ತಿದ ಮರದ ತುಂಡು ಅದು. ಚಿತ್ರ ಅಂತ ಇರೋದು ಆ ಕಾಗದಗಳಲ್ಲೇ, ಎಲ್ಲದರಲ್ಲೂ.

ಇದಕ್ಕೆ ನಂಗೆ ಸಿಕ್ಕಿರೋ ಅತ್ಯಂತ ಒಳ್ಳೆ ಉದಾಹರಣೆ ಜಪಾನಿನ ಉಕಿಯೊ-ಎ ಪ್ರಿಂಟ್‌ಗಳು, ಅಂದ್ರೆ ಅಲ್ಲಿನ ಹಳೇ ಮರದಚ್ಚಿನ ಚಿತ್ರಗಳು. ಹೊಕುಸಾಯಿಯ ಆ ದೊಡ್ಡ ಅಲೆ ಎಲ್ರೂ ನೋಡಿರ್ತೀರ, ಫೋನ್ ಕವರ್ ಮೇಲೂ ಟೀಶರ್ಟ್ ಮೇಲೂ ಬಂದುಬಿಟ್ಟಿದೆ, 1831ರ ಆಸುಪಾಸಿನದು. ಅದನ್ನ ಮಾಡಿದ್ದು ಒಬ್ಬರಲ್ಲ. ಚಿತ್ರಕಾರ ತೆಳು ಕಾಗದದ ಮೇಲೆ ಗೆರೆಗಳನ್ನ ಬರೆದು ಕೊಡ್ತಾನೆ, ಕೆತ್ತೋನು ಆ ಕಾಗದವನ್ನ ಚೆರಿ ಮರದ ಹಲಗೆ ಮೇಲೆ ಬೋರಲಾಗಿ ಅಂಟಿಸಿ, ಒಂದೊಂದು ಗೆರೆಯ ಎರಡೂ ಪಕ್ಕಕ್ಕೆ ಚಾಕು ಹಾಯಿಸಿ, ಉಳಿದ ಮರವನ್ನ ಉಳಿಯಿಂದ ತೆಗೀತಾ ಹೋಗ್ತಾನೆ, ಆಮೇಲೆ ಅಚ್ಚು ಹಾಕೋನು ಇದ್ದಾನೆ, ಇವರೆಲ್ಲರ ಹಿಂದೆ ದುಡ್ಡು ಹಾಕಿದ ಪ್ರಕಾಶಕ ಇದ್ದಾನೆ. ಇದರಲ್ಲಿ ನಂಗೆ ಮೈ ಜುಮ್ ಅನ್ಸೋ ಸಂಗತಿ ಏನಂದ್ರೆ, ಕೆತ್ತನೆ ಮುಗಿಯೋ ಹೊತ್ತಿಗೆ ಹೊಕುಸಾಯಿ ಕೈಯಾರೆ ಬರೆದ ಆ ಕಾಗದ ಚೂರುಚೂರಾಗಿ ಮರದ ಹೊಟ್ಟಿನ ಜೊತೆ ಹೋಗಿರುತ್ತೆ. ಅವನು ಬರೆದ ಅಲೆ ಇವತ್ತು ಎಲ್ಲೂ ಇಲ್ಲ. ಇರೋದು ಅಚ್ಚಿನ ಅಲೆಗಳು, ಸಾವಿರಾರು ತೆಗೆದಿದ್ರು ಅಂತಾರೆ, ಉಳಿದಿರೋದು ನೂರರ ಲೆಕ್ಕದಲ್ಲಿ.

ಉಳಿದಿರೋ ಆ ಪ್ರತಿಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿದ್ರೆ ಯಾವೆರಡೂ ಒಂದೇ ಥರ ಇಲ್ಲ. ಆಕಾಶದ ಬಣ್ಣ ಒಂದೊಂದರಲ್ಲಿ ಒಂದೊಂದು, ಯಾಕಂದ್ರೆ ಆ ತಿಳಿಯಿಂದ ಗಾಢಕ್ಕೆ ಹೋಗೋ ಛಾಯೆಯನ್ನ ಅಚ್ಚು ಹಾಕೋನು ಪ್ರತಿ ಹಾಳೆಗೂ ಹೊಸದಾಗಿ ಬ್ಲಾಕ್ ಮೇಲೆ ಒದ್ದೆ ಬ್ರಶ್‌ನಲ್ಲಿ ಎಳೀಬೇಕು, ಅದಕ್ಕೆ ಬೊಕಾಶಿ ಅಂತಾರೆ. ಮೊದಮೊದಲ ಪ್ರತಿಗಳಲ್ಲಿ ಎಡಗಡೆ ಮೇಲೆ ಹೊಕುಸಾಯಿಯ ಹೆಸರಿನ ಪಕ್ಕದಲ್ಲಿರೋ ಶೀರ್ಷಿಕೆಯ ಚೌಕದ ಗೆರೆಗಳು ಪೂರ್ತಿ ಇವೆ, ಆಮೇಲಿನ ಪ್ರತಿಗಳಲ್ಲಿ ಆ ಗೆರೆ ಅಲ್ಲಲ್ಲಿ ತುಂಡಾಗಿದೆ. ಮರ ಸವೆದಿದೆ. ಯಾವ ಪ್ರತಿ ಮೊದಲು ಬಂತು ಯಾವುದು ಆಮೇಲೆ ಅನ್ನೋದನ್ನ ತಜ್ಞರು ಕಂಡುಹಿಡಿಯೋದೇ ಇಂಥ ತುಂಡುಗಳಿಂದ. ಆ ಗಾಢ ನೀಲಿ ಕೂಡ ಅಲ್ಲಿನದಲ್ಲ, ಪ್ರಷ್ಯನ್ ಬ್ಲೂ, ಹದಿನೆಂಟನೇ ಶತಮಾನದ ಶುರುವಲ್ಲಿ ಬರ್ಲಿನ್‌ನಲ್ಲಿ ತಯಾರಾದ ಬಣ್ಣ, ಸುತ್ತಿ ಬಳಸಿ ಜಪಾನ್ ತಲುಪಿದ್ದು.

ನಾನು ಹೆಚ್ಚಾಗಿ ಮಾಡೋದು ಲಿನೋಕಟ್. ಲಿನೋಲಿಯಂ ಹುಟ್ಟಿದ್ದು ನೆಲಕ್ಕೆ ಹಾಸೋಕೆ, 1860ರ ದಶಕದಲ್ಲಿ ಇಂಗ್ಲೆಂಡಿನ ಫ್ರೆಡ್ರಿಕ್ ವಾಲ್ಟನ್ ಅನ್ನೋರು ಮಾಡಿದ್ದು. ಅಗಸೆ ಎಣ್ಣೆಯನ್ನ ಗಾಳಿಗೆ ಬಿಟ್ಟು ಗಟ್ಟಿ ಮಾಡಿ, ಕಾರ್ಕ್ ಪುಡಿ ಕಲಸಿ, ಸೆಣಬಿನ ಬಟ್ಟೆ ಮೇಲೆ ಒತ್ತಿ ಹಾಳೆ ಮಾಡ್ತಾರೆ. ಅದರ ಮೇಲೆ ಹಾಕೋ ಆಯಿಲ್ ಇಂಕ್‌ನ ಮೂಲ ಕೂಡ ಅದೇ ಅಗಸೆ ಎಣ್ಣೆ, ಕಾಯಿಸಿ ಗಟ್ಟಿ ಮಾಡಿದ ಎಣ್ಣೆಗೆ ದೀಪದ ಮಸಿಯಂಥ ಕಪ್ಪು ಅರೆದು ಸೇರಿಸಿದ್ದು, ಗುಟೆನ್‌ಬರ್ಗ್ ಕಾಲದಿಂದ ಹೆಚ್ಚು ಕಡಿಮೆ ಇದೇ. ಒಂದೇ ಬೀಜದ ಎಣ್ಣೆ ಒಂದು ಕಡೆ ಗಟ್ಟಿಯಾಗಿ ಬ್ಲಾಕ್ ಆಗಿದೆ, ಇನ್ನೊಂದು ಕಡೆ ಅಂಟಂಟಾಗಿ ಇಂಕ್ ಆಗಿದೆ. ಕೆತ್ತುವಾಗ ಬರೋ ವಾಸನೆ, ಇಂಕ್ ಡಬ್ಬ ತೆಗೆದಾಗ ಬರೋ ವಾಸನೆ, ಎರಡರಲ್ಲೂ ಏನೋ ಒಂದು ಸಂಬಂಧ ಇದೆ ಅಂತ ಅನ್ಸೋದು ಇದಕ್ಕೇ.

ಮರಕ್ಕೆ ಹೋಲಿಸಿದ್ರೆ ಲಿನೋದಲ್ಲಿ ಎಳೆ ಇಲ್ಲ, ಉಳಿ ಯಾವ ದಿಕ್ಕಿಗೆ ತಳ್ಳಿದ್ರೂ ಹೋಗುತ್ತೆ. ಬಿಸಿಲಲ್ಲೋ ಎಲ್ಲೋ ಸ್ವಲ್ಪ ಬೆಚ್ಚಗೆ ಮಾಡಿಕೊಂಡ್ರೆ ಇನ್ನೂ ಮೆತ್ತಗೆ. ಅದಕ್ಕೇ ಕೆಲವರು ಲಿನೋ ಅಂದ್ರೆ ಕಲಿಯೋರಿಗೆ, ಮಕ್ಕಳಿಗೆ ಅಂತ ಪಕ್ಕಕ್ಕೆ ಸರಿಸ್ತಾರೆ. ನಾನಂತೂ ಒಪ್ಪಲ್ಲ. ಎಳೆ ಇಲ್ಲದೆ ಇರೋದ್ರಿಂದ ಅದು ನಮಗೆ ಯಾವ ಸಹಾಯನೂ ಮಾಡಲ್ಲ. ಮರದಲ್ಲಿ ಖಾಲಿ ಜಾಗ ಬಿಟ್ರೂ ಎಳೆ ತಾನೇ ಒಂದು ವಿನ್ಯಾಸ ಕೊಡುತ್ತೆ, ಲಿನೋದಲ್ಲಿ ಬಿಟ್ಟ ಜಾಗ ಬರೀ ಕಪ್ಪು, ಅದಕ್ಕೆ ಜೀವ ಬರಬೇಕು ಅಂದ್ರೆ ಎಲ್ಲಿ ಎಷ್ಟು ತೆಗೀಬೇಕು ಅಂತ ನಾವೇ ತೀರ್ಮಾನ ಮಾಡ್ಬೇಕು.

ಮತ್ತೆ ಈ ತೆಗೆಯೋ ಕೆಲಸ ಇದ್ಯಲ್ಲ, ಅದು ತಲೆಯನ್ನ ಬೇರೆ ಥರ ಓಡಿಸುತ್ತೆ. ಪೆನ್ಸಿಲ್ ಹಿಡಿದಾಗ ಕೈ ಹಾಕಿದ ಕಡೆ ಗೆರೆ ಬರುತ್ತೆ. ಇಲ್ಲಿ ಕೈ ಹಾಕಿದ ಕಡೆಯೆಲ್ಲ ಬಿಳಿ, ಕೈ ಹಾಕದೆ ಬಿಟ್ಟಿದ್ದು ಚಿತ್ರ. ಒಂದು ಮುಖ ಕೆತ್ತಬೇಕು ಅಂದ್ರೆ ಮೂಗು ಎಲ್ಲಿ ಅಂತ ಯೋಚಿಸೋ ಬದ್ಲು ಮೂಗಿನ ಮೇಲೆ ಬೆಳಕು ಎಲ್ಲಿ ಬಿದ್ದಿದೆ ಅಂತ ಯೋಚಿಸಬೇಕು. ಎಡ ಬಲ ಆಗುತ್ತೆ, ಅಕ್ಷರ ಇದ್ರೆ ಕನ್ನಡಿಯಲ್ಲಿ ಕಾಣೋ ಹಾಗೆ ಕೆತ್ತಬೇಕು. ಒಂದ್ಸಲ ತೆಗೆದ ಚೂರನ್ನ ವಾಪಸ್ ಇಡೋಕೆ ಆಗಲ್ಲ. ಇದರ ತುತ್ತತುದಿ ಅಂದ್ರೆ ರಿಡಕ್ಷನ್ ಲಿನೋಕಟ್, ಒಂದೇ ಬ್ಲಾಕಿಂದ ಎಲ್ಲ ಬಣ್ಣ: ಮೊದಲು ತಿಳಿ ಬಣ್ಣ ಎಲ್ಲ ಹಾಳೆಗಳಿಗೂ ಒತ್ತಿ, ಆಮೇಲೆ ಅದೇ ಬ್ಲಾಕನ್ನ ಇನ್ನಷ್ಟು ಕೆತ್ತಿ ಅದರ ಮೇಲೆ ಎರಡನೇ ಬಣ್ಣ, ಮತ್ತೆ ಕೆತ್ತಿ ಮೂರನೇದು. ಕೊನೆಗೆ ಬ್ಲಾಕ್‌ನಲ್ಲಿ ಉಳಿಯೋದು ಅತಿ ಗಾಢ ಬಣ್ಣದ ಒಂದಿಷ್ಟು ದ್ವೀಪಗಳು ಮಾತ್ರ, ಇನ್ನೊಂದು ಪ್ರತಿ ಬೇಕು ಅಂದ್ರೆ ತೆಗೆಯೋಕೆ ಏನೂ ಉಳಿದಿರಲ್ಲ. ಪಿಕಾಸೊ 1950ರ ದಶಕದ ಕೊನೆಯಲ್ಲಿ, ಆಗ್ಲೇ ಎಪ್ಪತ್ತರ ಮೇಲೆ ವಯಸ್ಸು, ಈ ವಿಧಾನದಲ್ಲಿ ಸಾಲುಸಾಲಾಗಿ ಕೆಲಸ ಮಾಡಿದ್ದು ಲಿನೋಗೆ ಒಂದು ಮರ್ಯಾದೆ ತಂದುಕೊಡ್ತು.

ಇಂಕ್ ಹಾಕೋದಕ್ಕೆ ಬಂದ್ರೆ ಅಲ್ಲಿ ಕಣ್ಣಿಗಿಂತ ಕಿವಿ ಮುಖ್ಯ. ಗಾಜಿನ ಮೇಲೆ ಇಂಕ್ ಹಾಕಿ ರೋಲರ್ ಓಡಿಸ್ತಾ ಇದ್ರೆ ಮೊದಲು ಲೊಚಲೊಚ ಅಂತ ಒದ್ದೆ ಸದ್ದು ಬರುತ್ತೆ, ಅಂದ್ರೆ ಇಂಕ್ ಜಾಸ್ತಿ. ಹರಡ್ತಾ ಹರಡ್ತಾ ಅದು ಸಣ್ಣಗೆ ಚುರುಚುರು ಅನ್ನೋಕೆ ಶುರು ಆಗುತ್ತೆ, ಒಗ್ಗರಣೆಯಲ್ಲಿ ಸಾಸಿವೆ ಸಿಡಿಯೋಕೆ ಮುಂಚೆ ಎಣ್ಣೆ ಮಾಡೋ ಸದ್ದಿನ ಥರ, ಆ ಸದ್ದು ಸಮವಾಗಿ ಬಂದಾಗ ಬ್ಲಾಕ್ ಮೇಲೆ ಹಾಯಿಸಬಹುದು. ಪದರ ತೆಳುವಾಗಿ, ಹಲವು ಸಲ. ದಪ್ಪ ಹಾಕಿದ್ರೆ ಸಣ್ಣ ಗೆರೆಗಳೆಲ್ಲ ಮುಚ್ಚಿಹೋಗುತ್ತೆ. ಇದನ್ನ ಓದಿ ಕಲಿಯೋಕೆ ಆಗಲ್ಲ, ಪಕ್ಕದಲ್ಲಿ ನಿಂತು ಕೇಳಿಸ್ಕೋಬೇಕು.

ಪ್ರೆಸ್ ಬೇಕೇ ಬೇಕು ಅಂತೇನಿಲ್ಲ. ಮರದ ಚಮಚದ ಹಿಂಭಾಗ ಸಾಕು. ಕಾಗದ ಹಾಸಿ, ಒಂದು ಕೈಯಲ್ಲಿ ಅಲುಗದ ಹಾಗೆ ಹಿಡಿದು, ಇನ್ನೊಂದು ಕೈಯಲ್ಲಿ ನಡುವಿಂದ ಅಂಚಿಗೆ ಉಜ್ಜುತ್ತಾ ಹೋಗೋದು. ತೆಳು ಕಾಗದ ಆದ್ರೆ, ಅದ್ರಲ್ಲೂ ಕೋಜೊ ಗಿಡದ ಉದ್ದ ನಾರಿಂದ ಮಾಡಿದ ಜಪಾನಿ ಕಾಗದ ಆದ್ರೆ, ಉಜ್ಜಿದ ಕಡೆ ಹಿಂದಿನಿಂದಾನೇ ಕಪ್ಪು ಮೂಡಿಬರೋದು ಕಾಣುತ್ತೆ. ಒಂದು ಮೂಲೆ ಎತ್ತಿ ಇಣುಕಿ ನೋಡಿ, ಇಂಕ್ ಸಾಲದು ಅನ್ಸಿದ್ರೆ ಹಾಗೇ ವಾಪಸ್ ಮಲಗಿಸಿ ಇನ್ನೂ ಸ್ವಲ್ಪ ಉಜ್ಜಬಹುದು, ಇನ್ನೊಂದು ಅಂಚು ಅಂಟಿಕೊಂಡಿರೋವರೆಗೂ ಚಿತ್ರ ಜಾರಲ್ಲ. ಈ ಉಜ್ಜೋದ್ರಲ್ಲಿ ತೋಳು ನೋಯುತ್ತೆ. ಒಂದು ಹಾಳೆಗೆ ಎಷ್ಟು ಹೊತ್ತು ಅಂತ ಹೇಳೋಕಾಗಲ್ಲ, ಕಪ್ಪು ಜಾಸ್ತಿ ಇದ್ದಷ್ಟೂ ಕೆಲಸ ಜಾಸ್ತಿ. ಕೊನೆಗೆ ಕಾಗದ ಬ್ಲಾಕ್ ಬಿಟ್ಟು ಬರುವಾಗ ಸಣ್ಣಗೆ ಹರಿದ ಹಾಗೆ ಒಂದು ಸದ್ದು, ಅಲ್ಲಿಯವರೆಗೂ ಉಲ್ಟಾ ನೋಡ್ಕೊಂಡು ಬಂದಿದ್ದು ಈಗ ನೆಟ್ಟಗೆ ಎದುರಿಗೆ ನಿಂತಿರುತ್ತೆ. ನಾನೇ ಕೆತ್ತಿದ್ದು ಅಂತ ಗೊತ್ತಿದ್ರೂ ಯಾರೋ ಕಳಿಸಿಕೊಟ್ಟ ಹಾಗೆ ಅನ್ಸುತ್ತೆ. ಡ್ರಾಯಿಂಗ್ ಮಾಡುವಾಗ ಈ ಅನುಭವ ನಂಗೆ ಯಾವತ್ತೂ ಆಗಿಲ್ಲ, ಯಾಕಂದ್ರೆ ಅಲ್ಲಿ ಕೈ ಮತ್ತು ಕಾಗದದ ನಡುವೆ ಏನೂ ಇಲ್ಲ. ಇಲ್ಲಿ ಒಂದು ಬ್ಲಾಕ್ ಅಡ್ಡ ಇದೆ, ಅದು ನನ್ನ ಕೈಯಿಂದ ಎಲ್ಲವನ್ನ ತಗೊಂಡು ತನ್ನ ಮಾತನ್ನೂ ಸೇರಿಸಿ ಕಾಗದಕ್ಕೆ ಕೊಡುತ್ತೆ.

ತಾಮ್ರದ ಪ್ಲೇಟಿನ ಲೋಕ ಇದಕ್ಕೆ ಪೂರ್ತಿ ವಿರುದ್ಧ. ಮರದಲ್ಲಿ ಉಬ್ಬಿರೋದು ಇಂಕ್ ಹಿಡಿದ್ರೆ ಇಲ್ಲಿ ತಗ್ಗಿರೋದು ಹಿಡಿಯುತ್ತೆ. ಚೂಪಾದ ಸಲಕರಣೆಯಿಂದ ಗೀರಿಯೋ ಆಸಿಡ್‌ನಲ್ಲಿ ಕೊರೆಸಿಯೋ ಗೆರೆ ಮಾಡಿ, ಇಡೀ ಪ್ಲೇಟಿಗೆ ಇಂಕ್ ತುಂಬಿ, ಗಂಜಿ ಹಾಕಿದ ಒರಟು ಬಟ್ಟೆಯಿಂದ ಮೇಲಿನದನ್ನೆಲ್ಲ ಒರೆಸಿ, ಕೊನೆಗೆ ಅಂಗೈಯಲ್ಲಿ ಹಗುರವಾಗಿ ಒರೆಸ್ತಾರೆ, ಗೆರೆಯೊಳಗಿನ ಇಂಕ್ ಮಾತ್ರ ಉಳೀಬೇಕು. ಕಾಗದವನ್ನ ಮೊದಲೇ ನೀರಲ್ಲಿ ನೆನೆಸಿ, ಒತ್ತಿ ನೀರು ತೆಗೆದು, ಮೆತ್ತಗೆ ಮಾಡಿಕೊಂಡಿರಬೇಕು. ಪ್ರೆಸ್‌ನ ರೋಲರ್ ಕೆಳಗೆ ಉಣ್ಣೆಯ ಕಂಬಳಿ ಹಾಸಿ ತಿರುಗಿಸಿದಾಗ ಒದ್ದೆ ಕಾಗದದ ನಾರು ಆ ತಗ್ಗಿನೊಳಗೆ ಇಳಿದು ಇಂಕನ್ನ ಎತ್ತಿಕೊಂಡು ಬರುತ್ತೆ. ಹಾಗಾಗಿ ಎಚಿಂಗ್‌ನಲ್ಲಿ ಗೆರೆ ಅನ್ನೋದು ಕಾಗದದ ಮೇಲೆ ಬರೀ ಬಣ್ಣವಾಗಿ ಇರಲ್ಲ, ಸಣ್ಣ ದಿಣ್ಣೆಯ ಹಾಗೆ ಎದ್ದು ನಿಂತಿರುತ್ತೆ, ಓರೆ ಬೆಳಕಲ್ಲಿ ಹಿಡಿದ್ರೆ ಅದರ ನೆರಳೂ ಕಾಣುತ್ತೆ. ಸ್ಕ್ರೀನ್ ಮೇಲೆ ರೆಂಬ್ರಾಂಟ್‌ನ ಎಚಿಂಗ್ ನೋಡಿ ನಾವು ನೋಡಿದ್ವಿ ಅಂದ್ಕೋತೀವಿ, ಆದ್ರೆ ಈ ಎತ್ತರ ಅಲ್ಲಿ ಬರೋದೇ ಇಲ್ಲ.

ಈ ಎತ್ತರ-ತಗ್ಗುಗಳನ್ನ ಹಿಡಿದು ಅತಿ ದೂರ ಹೋದವರಲ್ಲಿ ಕೃಷ್ಣಾ ರೆಡ್ಡಿ ಒಬ್ರು. ಪ್ಯಾರಿಸ್‌ನಲ್ಲಿ ಸ್ಟಾನ್ಲಿ ವಿಲಿಯಂ ಹೇಟರ್ ನಡೆಸ್ತಿದ್ದ ಅಟೆಲಿಯೆ 17 ಅನ್ನೋ ವರ್ಕ್‌ಶಾಪ್‌ನಲ್ಲಿ ಅವರು ಮತ್ತು ಜೊತೆಗಾರರು ಬೆಳೆಸಿದ್ದು ವಿಸ್ಕಾಸಿಟಿ ಪ್ರಿಂಟಿಂಗ್. ಒಂದೇ ಪ್ಲೇಟ್, ಅದರಲ್ಲಿ ಬೇರೆಬೇರೆ ಆಳದ ಮಟ್ಟಗಳು. ಒಂದು ಇಂಕಿಗೆ ಎಣ್ಣೆ ಜಾಸ್ತಿ ಹಾಕಿ ತೆಳು ಮಾಡೋದು, ಇನ್ನೊಂದನ್ನ ಗಟ್ಟಿಯಾಗೇ ಬಿಡೋದು. ಗಟ್ಟಿ ರೋಲರ್ ಮೇಲಿನ ಮಟ್ಟವನ್ನ ಮಾತ್ರ ಮುಟ್ಟುತ್ತೆ, ಮೆತ್ತನೆ ರೋಲರ್ ತಗ್ಗಿನವರೆಗೂ ಇಳಿಯುತ್ತೆ. ತೆಳು ಇಂಕ್ ಇರೋ ಕಡೆ ಗಟ್ಟಿ ಇಂಕ್ ಹತ್ತಲ್ಲ. ಹಾಗಾಗಿ ಹಲವು ಬಣ್ಣ ಒಂದೇ ಸಲಕ್ಕೆ ಒಂದೇ ಪ್ಲೇಟಿಂದ ಕಾಗದಕ್ಕೆ ಬರುತ್ತೆ. ರೆಡ್ಡಿ ಶಿಲ್ಪಿ ಕೂಡ ಆಗಿದ್ರು, ಪ್ಲೇಟನ್ನ ಅವರು ನೋಡಿದ್ದು ಶಿಲ್ಪದ ಕಣ್ಣಿಂದಾನೇ. ಆ ಪ್ರಿಂಟ್‌ಗಳಲ್ಲಿ ಬಣ್ಣ ಮೇಲೆ ಬಳಿದ ಹಾಗೆ ಕಾಣಲ್ಲ, ಒಳಗಿಂದ ಬೇರೆಬೇರೆ ಆಳದಿಂದ ಎದ್ದು ಬಂದ ಹಾಗೆ ಕಾಣುತ್ತೆ.

ಮುಟ್ಟೋದು ಅಂದ್ಮೇಲೆ ಸವೆಯೋದೂ ಇದೆ. ಡ್ರೈಪಾಯಿಂಟ್ ಅನ್ನೋ ವಿಧಾನದಲ್ಲಿ ಸೂಜಿಯಿಂದ ತಾಮ್ರವನ್ನ ನೇರ ಗೀರ್ತಾರೆ, ಗೀರಿದ ಪಕ್ಕದಲ್ಲಿ ಲೋಹದ ಸಣ್ಣ ಮುಳ್ಳು ಎದ್ದು ನಿಲ್ಲುತ್ತೆ, ಅದು ಇಂಕ್ ಹಿಡಿದು ಗೆರೆಗೆ ಮಖಮಲ್ಲಿನಂಥ ಮಸುಕು ಅಂಚು ಕೊಡುತ್ತೆ. ಪ್ರೆಸ್‌ನ ಒತ್ತಡಕ್ಕೆ ಆ ಮುಳ್ಳು ಬೇಗ ಮಲಗಿಬಿಡುತ್ತೆ, ಚೆನ್ನಾಗಿ ಬರೋದು ಹತ್ತಾರು ಪ್ರತಿಗಳು ಮಾತ್ರ. ರೆಂಬ್ರಾಂಟ್ 1653ರಲ್ಲಿ ಮಾಡಿದ 'ಮೂರು ಶಿಲುಬೆಗಳು' ಹೀಗೆ ಹೆಚ್ಚಾಗಿ ಡ್ರೈಪಾಯಿಂಟ್‌ನಲ್ಲೇ ಮಾಡಿದ್ದು. ಪ್ಲೇಟ್ ಸವೆದ ಮೇಲೆ ಅವನು ಅದನ್ನ ಎಸೀಲಿಲ್ಲ, ಅದರ ಮೇಲೇ ಮತ್ತೆ ಕೂತು ಎಷ್ಟೋ ಆಕೃತಿಗಳನ್ನ ಅಳಿಸಿ, ಉದ್ದುದ್ದ ಕಪ್ಪು ಗೆರೆಗಳನ್ನ ಮೇಲಿಂದ ಕೆಳಗೆ ಎಳೆದ, ಮೊದಲಿನ ಪ್ರತಿಗಳಲ್ಲಿ ಬೆಳಕಿನ ಗೋಪುರದ ಕೆಳಗೆ ಸ್ಪಷ್ಟವಾಗಿ ಕಾಣ್ತಿದ್ದ ಜನಸಂದಣಿ ನಾಲ್ಕನೇ ಸ್ಟೇಟ್‌ನಲ್ಲಿ, ಅಂದ್ರೆ ಪ್ಲೇಟ್ ತಿದ್ದುತ್ತಾ ಬಂದ ನಾಲ್ಕನೇ ಹಂತದಲ್ಲಿ, ಕತ್ತಲೆಯೊಳಗೆ ಹೋಗಿಬಿಟ್ಟಿದೆ. ಅದೇ ತಾಮ್ರ, ಅದೇ ಶಿಲುಬೆಗಳು. ನಂಗೆ ಮೊದಲನೆಯದಕ್ಕಿಂತ ಈ ಕತ್ತಲೆಯ ಸ್ಟೇಟೇ ದೊಡ್ಡ ಕೃತಿ ಅನ್ಸುತ್ತೆ, ಮತ್ತೆ ಎರಡೂ ಉಳಿದಿವೆ ಅನ್ನೋದು ಪ್ರಿಂಟ್‌ನಲ್ಲಿ ಮಾತ್ರ ಸಾಧ್ಯ. ಪೇಂಟಿಂಗ್ ಮೇಲೆ ಬಳಿದ್ರೆ ಹಳೇದು ಅಡಿಯಲ್ಲಿ ಹೂತುಹೋಗ್ತಿತ್ತು.

ಜರ್ಮನಿಯ ಕಲಾವಿದ ಡ್ಯೂರರ್‌ನ ಘೇಂಡಾಮೃಗದ್ದೂ ಇಂಥದ್ದೇ ಕಥೆ, ಆದ್ರೆ ಅವನ ಕಾಲದ ನಂತರದ್ದು. 1515ರಲ್ಲಿ ಗುಜರಾತಿನ ಸುಲ್ತಾನ ಕೊಟ್ಟ ಘೇಂಡಾಮೃಗ ಹಡಗಲ್ಲಿ ಲಿಸ್ಬನ್ ತಲುಪ್ತು. ಡ್ಯೂರರ್ ಆ ಪ್ರಾಣಿಯನ್ನ ನೋಡಲೇ ಇಲ್ಲ, ಯಾರೋ ಕಳಿಸಿದ ವಿವರಣೆ ಮತ್ತು ಸ್ಕೆಚ್ ಆಧರಿಸಿ ಮೈಮೇಲೆ ಉಕ್ಕಿನ ತಗಡು ಹೊದೆಸಿದ ಹಾಗೆ ಬರೆದ, ಅದು ವುಡ್‌ಕಟ್ ಆಗಿ ಹರಡಿ ಯೂರೋಪಿನ ಜನ ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಘೇಂಡಾಮೃಗ ಹಾಗೇ ಇರುತ್ತೆ ಅಂತ ನಂಬಿದ್ರು. ಅವನು ತೀರಿಕೊಂಡ ಮೇಲೂ ಆ ಮರದ ಬ್ಲಾಕ್ ಕೈಯಿಂದ ಕೈಗೆ ಹೋಗಿ ಅಚ್ಚಾಗ್ತಾನೇ ಇತ್ತು. ಆಮೇಲಿನ ಪ್ರತಿಗಳಲ್ಲಿ ಕಾಲುಗಳ ಅಡ್ಡಕ್ಕೆ ಒಂದು ಬಿಳಿ ಬಿರುಕು, ಅಲ್ಲಲ್ಲಿ ಹುಳ ತಿಂದ ತೂತುಗಳ ಬಿಳಿ ಚುಕ್ಕಿ. ಮರಕ್ಕೆ ಆದ ವಯಸ್ಸು ಕಾಗದದ ಮೇಲೆ ದಾಖಲಾಗಿದೆ. ಜೆಪೆಗ್ ಫೈಲಿಗೆ ಹೀಗೆ ವಯಸ್ಸಾಗಲ್ಲ, ಇರುತ್ತೆ ಅಥವಾ ಇರಲ್ಲ.

ಕಲ್ಲಚ್ಚಿನ ಬಗ್ಗೆ ನಂಗೆ ಕೈಯ ಅನುಭವ ಕಡಿಮೆ, ಹಾಗಾಗಿ ಜಾಸ್ತಿ ಹೇಳಲ್ಲ. ಅಲೋಯಿಸ್ ಸೆನೆಫೆಲ್ಡರ್ ಅನ್ನೋ ನಾಟಕಕಾರ ತನ್ನ ನಾಟಕಗಳನ್ನ ಅಗ್ಗವಾಗಿ ಅಚ್ಚು ಹಾಕೋ ದಾರಿ ಹುಡುಕ್ತಾ 1790ರ ದಶಕದ ಕೊನೆಯಲ್ಲಿ ಕಂಡುಕೊಂಡಿದ್ದು ಅದು, ಬವೇರಿಯಾದ ನುಣುಪು ಸುಣ್ಣಕಲ್ಲು, ಜಿಡ್ಡು ನೀರನ್ನ ಸೇರಿಸಲ್ಲ ಅನ್ನೋ ಒಂದೇ ಒಂದು ಗುಣದ ಮೇಲೆ ನಿಂತಿದೆ. ಕೆತ್ತನೆ ಇಲ್ಲ, ಉಬ್ಬು ತಗ್ಗು ಇಲ್ಲ. ಕೆಲಸ ಆದ ಮೇಲೆ ಕಲ್ಲನ್ನ ಮರಳು ಹಾಕಿ ಉಜ್ಜಿ ಚಿತ್ರ ಅಳಿಸಿ ಮುಂದಿನವರಿಗೆ ಕೊಡ್ತಾರೆ, ಸರಿಯಾಗಿ ಉಜ್ಜದೆ ಇದ್ರೆ ಹಳೇ ಚಿತ್ರ ಹೊಸದರ ಹಿಂದೆ ಮಸುಕಾಗಿ ಎದ್ದು ಬರುತ್ತೆ.

ಇಲ್ಲಿಯವರೆಗೆ ಒಂದು ಹಾಳೆ ಬಗ್ಗೆ ಹೇಳಿದೆ. ಆದ್ರೆ ಪ್ರಿಂಟ್‌ನ ದೊಡ್ಡ ಗುಣ ಅದು ಹಲವಾಗಿ ಹುಟ್ಟೋದು, ಮತ್ತೆ ಯಾಕೆ ಹಲವು ಅಂದ್ರೆ ಕೊಡೋಕೆ. ತಾರೀಕು ನಮೂದಾಗಿರೋ ಅತ್ಯಂತ ಹಳೆಯ ಅಚ್ಚಿನ ಪುಸ್ತಕ ಅಂತ ಕರೆಸಿಕೊಳ್ಳೋದು ವಜ್ರಸೂತ್ರದ ಒಂದು ಸುರುಳಿ, 868ನೇ ಇಸವಿಯದ್ದು, ಮರದ ಬ್ಲಾಕ್‌ನಿಂದ ಅಚ್ಚಾದ ಐದು ಮೀಟರ್ ಹತ್ತಿರದ ಉದ್ದ, ಚೀನಾದ ದುನ್‌ಹುವಾಂಗ್ ಗುಹೆಯಲ್ಲಿ ಸಿಕ್ಕಿದ್ದು, ಈಗ ಬ್ರಿಟಿಷ್ ಲೈಬ್ರರಿಯಲ್ಲಿದೆ. ಅದರ ಕೊನೆಯಲ್ಲಿ ವಾಂಗ್ ಜಿಯೆ ಅನ್ನೋ ವ್ಯಕ್ತಿ ತನ್ನ ತಂದೆತಾಯಿಯ ಹೆಸರಲ್ಲಿ ಎಲ್ಲರಿಗೂ ಉಚಿತವಾಗಿ ಹಂಚೋಕೆ ಇದನ್ನ ಮಾಡಿಸಿದ ಅಂತ ಇದೆ. ಅಚ್ಚಿನ ಇತಿಹಾಸದಲ್ಲಿ ನಮಗೆ ಸಿಗೋ ಮೊದಮೊದಲ ಮಾತುಗಳಲ್ಲೇ ಹಂಚೋದು ಇದೆ ಅನ್ನೋದು ನಂಗೆ ತುಂಬ ದೊಡ್ಡ ವಿಷಯ.

ಜರ್ಮನಿಯ ಕೇಥೆ ಕೋಲ್ವಿಟ್ಜ್ ಇದೇ ಕಾರಣಕ್ಕೆ ಪ್ರಿಂಟ್‌ಗೆ ಅಂಟಿಕೊಂಡವರು. 1914ರಲ್ಲಿ ಯುದ್ಧ ಶುರುವಾಗಿ ಕೆಲವೇ ತಿಂಗಳಿಗೆ ಅವರ ಮಗ ಪೀಟರ್ ಸತ್ತ. ಆ ನೋವನ್ನ ಹೇಳೋಕೆ ಎಚಿಂಗ್, ಕಲ್ಲಚ್ಚು ಎರಡನ್ನೂ ಪ್ರಯತ್ನಪಟ್ಟು, ವರ್ಷಗಳ ನಂತರ, 1920ರಲ್ಲಿ ಎರ್ನ್ಸ್ಟ್ ಬಾರ್ಲಾಖ್‌ನ ವುಡ್‌ಕಟ್‌ಗಳನ್ನ ನೋಡಿ ಮರಕ್ಕೆ ಬಂದ್ರು. 'ಯುದ್ಧ' ಅನ್ನೋ ಏಳು ವುಡ್‌ಕಟ್‌ಗಳ ಸರಣಿ ಹುಟ್ಟಿದ್ದು ಹಾಗೆ. ಅದರಲ್ಲಿ ರಣರಂಗ ಇಲ್ಲ, ಮಕ್ಕಳನ್ನ ಮಧ್ಯೆ ಇಟ್ಕೊಂಡು ಒಂದೇ ಬಂಡೆಯಾಗಿ ನಿಂತ ತಾಯಂದಿರು ಇದ್ದಾರೆ. ಆ ಕಪ್ಪನ್ನ ಬ್ರಶ್‌ನಿಂದ ಬಳಿದಿದ್ರೆ ಅಷ್ಟು ಭಾರ ಬರ್ತಿರ್ಲಿಲ್ಲ ಅಂತ ನನ್ನ ನಂಬಿಕೆ, ಚಾಕು ಒಳಗೆ ಹೋಗಿ ಕಿತ್ತು ತೆಗೆದ ಬಿಳಿ ಇದೆಯಲ್ಲ, ಅದಕ್ಕೆ ಆ ವಿಷಯದ ಜೊತೆ ನೇರ ಸಂಬಂಧ ಇದೆ.

ಹಲವಾಗಿ ಇರೋದು ಬದುಕಿ ಉಳಿಯೋ ದಾರಿ ಕೂಡ. 1943ರ ಬಂಗಾಳದ ಕ್ಷಾಮದ ಊರುಗಳಲ್ಲಿ ಓಡಾಡಿ ಚಿತ್ರ ಬರೆದ ಚಿತ್ತಪ್ರೋಸಾದ್ ಅವರ 'ಹಂಗ್ರಿ ಬೆಂಗಾಲ್' ಅನ್ನೋ ಸಣ್ಣ ಪುಸ್ತಕವನ್ನ ಬ್ರಿಟಿಷ್ ಸರ್ಕಾರ ಮುಟ್ಟುಗೋಲು ಹಾಕಿ ಪ್ರತಿಗಳನ್ನ ಸುಟ್ಟು ಹಾಕ್ತು. ಆದ್ರೂ ಒಂದು ಪ್ರತಿ ಉಳೀತು, ಅದರಿಂದ ಇವತ್ತು ನಾವು ಅದನ್ನ ನೋಡ್ತಾ ಇದೀವಿ. ಸ್ಪೇನಿನ ಕಲಾವಿದ ಗೋಯಾ 'ಯುದ್ಧದ ಅನಾಹುತಗಳು' ಪ್ಲೇಟ್‌ಗಳನ್ನ 1810ರಿಂದ ಹತ್ತು ವರ್ಷ ಕೆತ್ತಿದ, ಬದುಕಿರೋವರೆಗೆ ಪ್ರಕಟ ಮಾಡೋಕೆ ಆಗ್ಲಿಲ್ಲ, 1828ರಲ್ಲಿ ತೀರಿಕೊಂಡ. ಆ ಎಂಬತ್ತು ಪ್ಲೇಟ್‌ಗಳ ಮೊದಲ ಎಡಿಷನ್ ಬಂದಿದ್ದು 1863ರಲ್ಲಿ. ಮೂವತ್ತೈದು ವರ್ಷ ತಾಮ್ರ ಕಾದಿತ್ತು.

ಈಗ ಇದನ್ನ ಬರೀತಾ ಇರೋದು ಸ್ಕ್ರೀನ್ ಮೇಲೆ, ನೀವು ಓದ್ತಾ ಇರೋದೂ ಸ್ಕ್ರೀನ್ ಮೇಲೆ, ಅದರ ಬಗ್ಗೆ ನಂಗೆ ಯಾವ ಸಿಟ್ಟೂ ಇಲ್ಲ. ಹೊಕುಸಾಯಿಯ ಪ್ರತಿಗಳನ್ನ ಅಕ್ಕಪಕ್ಕ ಇಟ್ಟು ನೋಡೋಕೆ ನಂಗೆ ಸಾಧ್ಯ ಆಗಿದ್ದೇ ಮ್ಯೂಸಿಯಂಗಳು ಆನ್‌ಲೈನ್ ಹಾಕಿರೋ ದೊಡ್ಡ ಸ್ಕ್ಯಾನ್‌ಗಳಿಂದ. ಆದ್ರೂ ಅಚ್ಚಾದ ಹಾಳೆಗೆ ಒಂದು ಗುಣ ಇದೆ, ಅದು ತನ್ನ ತೀರ್ಮಾನ ಮುಗಿಸಿಕೊಂಡು ಬಂದಿರುತ್ತೆ. ನಾಳೆ ತೆಗೆದು ನೋಡಿದ್ರೆ ಇವತ್ತಿದ್ದ ಹಾಗೇ ಇರುತ್ತೆ, ಓದುವಾಗ ಪಕ್ಕದಿಂದ ಇನ್ನೇನೋ ಜಿಗಿದು ಬರಲ್ಲ, ಹಾಳೆ ಮುಗಿದಲ್ಲಿ ಮುಗೀತು. ಯಾರೋ ಒಂದು ಅಳತೆ, ಒಂದು ಕಾಗದ, ಒಂದು ಕಪ್ಪು ಆರಿಸಿ ಇಷ್ಟು ಸಾಕು ಅಂತ ನಿಲ್ಲಿಸಿದ್ದಾರೆ. ಆ ನಿಲ್ಲಿಸಿದ್ದು ನಂಗೆ ವಿಶ್ರಾಂತಿ ಕೊಡುತ್ತೆ.

ಮೊಳೆ ಜೋಡಿಸಿ ಅಚ್ಚು ಹಾಕೋ ಲೆಟರ್‌ಪ್ರೆಸ್‌ನಲ್ಲೂ ಇದೇ ಮುಟ್ಟೋ ವಿಷಯ ಇದೆ, ಒಂದು ಸ್ವಾರಸ್ಯ ಸೇರಿ. ಈಗ ಲೆಟರ್‌ಪ್ರೆಸ್ ಕಾರ್ಡ್ ಅಂದ್ರೆ ದಪ್ಪ ಹತ್ತಿ ಕಾಗದದಲ್ಲಿ ಅಕ್ಷರ ಆಳಕ್ಕೆ ಇಳಿದಿರಬೇಕು, ಬೆರಳಾಡಿಸಿದ್ರೆ ಗುಂಡಿ ಸಿಗಬೇಕು ಅಂತ ಕೇಳ್ತಾರೆ. ಹಳೇ ಕಾಲದ ನುರಿತ ಪ್ರಿಂಟರ್‌ಗಳಿಗೆ ಇದು ಕೆಟ್ಟ ಕೆಲಸ. ಮೊಳೆ ಕಾಗದವನ್ನ ಸೋಕಿದಷ್ಟೇ ಸೋಕಬೇಕು, ಇಂಕ್ ಬಿಡಬೇಕು, ಹಿಂದುಗಡೆ ಕೈಯಾಡಿಸಿದ್ರೆ ಏನೂ ಗೊತ್ತಾಗಬಾರದು, ಅದು ಕುಶಲತೆ. ಜೋರಾಗಿ ಒತ್ತಿದ್ರೆ ಮೊಳೆ ಬೇಗ ಸವೆಯುತ್ತೆ, ಹಾಳೆಯ ಇನ್ನೊಂದು ಬದಿಗೆ ಅಚ್ಚು ಹಾಕೋಕೂ ತೊಂದರೆ. ನಾನು ಮಾತ್ರ ಈ ವಿಷಯದಲ್ಲಿ ಈಗಿನವರ ಕಡೆ. ಎಲ್ಲ ಕಡೆ ಲೆಟರ್‌ಪ್ರೆಸ್ ಇದ್ದ ಕಾಲದಲ್ಲಿ ಒತ್ತಿದ ಗುರುತು ಬಚ್ಚಿಡೋದಕ್ಕೆ ಅರ್ಥ ಇತ್ತು. ಈಗ ಸುತ್ತಮುತ್ತ ಇರೋ ಅಕ್ಷರಗಳೆಲ್ಲ ಗಾಜಿನ ಹಿಂದೆ ಸೇರಿಕೊಂಡಿರುವಾಗ ಮುಟ್ಟಿದ್ದು ಬೆರಳಿಗೆ ಗೊತ್ತಾಗ್ಲಿ ಅಂತ ಜನ ಆಸೆಪಡೋದು ನಂಗೆ ಸಹಜ ಅನ್ಸುತ್ತೆ.

ರಿಸೋಗ್ರಾಫ್ ಕೂಡ ಇದೇ ಆಸೆಯಿಂದ ಮತ್ತೆ ಎದ್ದು ಬಂದಿರೋದು. ಜಪಾನಿನ ರಿಸೊ ಕಂಪನಿ 1980ರ ದಶಕದಲ್ಲಿ ಸ್ಕೂಲು ಆಫೀಸುಗಳಿಗೆ ಅಗ್ಗವಾಗಿ ನೂರಾರು ಹಾಳೆ ತೆಗೆಯೋಕೆ ಅಂತ ತಂದ ಮೆಷಿನ್, ಒಳಗೆ ತೆಳು ಮಾಸ್ಟರ್ ಹಾಳೆಯಲ್ಲಿ ಶಾಖದಿಂದ ಸಣ್ಣ ತೂತುಗಳಾಗಿ ಅದು ಡ್ರಮ್ಮಿಗೆ ಸುತ್ತಿಕೊಂಡು ಇಂಕ್ ತೂತಿನ ಮೂಲಕ ಕಾಗದಕ್ಕೆ ಬರುತ್ತೆ, ಒಂದು ಡ್ರಮ್ಮಿಗೆ ಒಂದು ಬಣ್ಣ. ಎರಡನೇ ಬಣ್ಣಕ್ಕೆ ಹಾಳೆಯನ್ನ ಮತ್ತೆ ಹಾಯಿಸಬೇಕು, ಆಗ ಒಂದು ಕೂದಲೆಳೆ ಆಚೀಚೆ ಆಗೇ ಆಗುತ್ತೆ. ಗುಲಾಬಿ ಮತ್ತು ನೀಲಿ ಒಂದರ ಮೇಲೊಂದು ಬಿದ್ದು ಅಂಚಲ್ಲಿ ಸ್ವಲ್ಪ ತಪ್ಪಿಕೊಂಡಿರೋ ಆ ಜಾಗ ನೋಡೋಕೆ ನಂಗೆ ಆಸೆ. ಝೀನ್ ಅನ್ನೋ ತಾವೇ ಅಚ್ಚು ಹಾಕೋ ಪುಟ್ಟ ಪುಸ್ತಕಗಳನ್ನ ಮಾಡೋ ಹುಡುಗ ಹುಡುಗಿಯರು ಇದನ್ನ ಕೈಬಿಡದೆ ಇರೋದಕ್ಕೆ ಅಗ್ಗ ಅನ್ನೋದೂ ಒಂದು ಕಾರಣ, ಈ ಅಂಚು ಇನ್ನೊಂದು. ಕೈಯಲ್ಲಿ ಮಾಡಿದ್ದು ಅಂತ ಇದನ್ನ ಕರೆಯಬಹುದಾ ಅಂತ ಕೆಲವರು ವಾದ ಮಾಡ್ತಾರೆ. ಬಣ್ಣ ಬಿಡಿಸಿ, ಯಾವುದರ ಮೇಲೆ ಯಾವುದು ಅಂತ ತೀರ್ಮಾನ ಮಾಡಿ, ಡ್ರಮ್ ಬದಲಿಸಿ, ಹಾಳೆ ಮಡಚಿ ಪಿನ್ ಹೊಡೆಯೋದೆಲ್ಲ ಕೈಯಲ್ಲೇ ಆಗ್ತಿದೆ, ನಂಗೆ ಅಷ್ಟು ಸಾಕು.

ಒಂದು ವಿಷಯದಲ್ಲಿ ಮಾತ್ರ ನಂಗೆ ಗಟ್ಟಿ ಅಭಿಪ್ರಾಯ ಇದೆ, ಅದು ನಂಬರ್ ಹಾಕೋ ಬಗ್ಗೆ. ಪ್ರಿಂಟ್‌ನ ಕೆಳಗೆ ಪೆನ್ಸಿಲ್‌ನಲ್ಲಿ 12/50 ಅಂತ ಇರುತ್ತಲ್ಲ, ಐವತ್ತರಲ್ಲಿ ಹನ್ನೆರಡನೇದು ಅಂತ. ಡ್ಯೂರರ್, ರೆಂಬ್ರಾಂಟ್, ಹೊಕುಸಾಯಿ ಯಾರೂ ಇದನ್ನ ಮಾಡಿದವರಲ್ಲ, ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಈಚೆಗೆ ಮಾರುಕಟ್ಟೆಯ ಜೊತೆ ಬೆಳೆದ ಅಭ್ಯಾಸ ಇದು. ಎಡಿಷನ್ ಮುಗಿದ ಮೇಲೆ ಪ್ಲೇಟಿನ ಮೇಲೆ ಅಡ್ಡ ಗೀರಿ ಕ್ಯಾನ್ಸಲ್ ಮಾಡೋದೂ ಇದೆ, ಇನ್ಯಾರೂ ತೆಗೆಯದೆ ಇರಲಿ ಅಂತ. ಡ್ರೈಪಾಯಿಂಟ್‌ಗೆ, ರಿಡಕ್ಷನ್‌ಗೆ ಮಿತಿ ಇದೆ, ಅದು ವಸ್ತುವಿನದೇ ಮಿತಿ, ಅದನ್ನ ಗೌರವಿಸಲೇಬೇಕು. ಕಲಾವಿದರಿಗೆ ಬದುಕು ನಡೀಬೇಕು, ಕೊಳ್ಳೋರಿಗೆ ಕೊಟ್ಟ ಮಾತು ಉಳಿಸಿಕೊಳ್ಳಬೇಕು, ಅದೂ ನಂಗೆ ಅರ್ಥ ಆಗುತ್ತೆ. ಆದ್ರೆ ಇನ್ನೂ ನೂರಾರು ಒಳ್ಳೆ ಪ್ರತಿ ಕೊಡಬಲ್ಲ ಲಿನೋ ಬ್ಲಾಕನ್ನ ಬೆಲೆ ಏರಿಸೋಕೆ ಅಂತ ಗೀರಿ ಹಾಳು ಮಾಡೋದನ್ನ ನೋಡೋಕೆ ನನ್ನಿಂದ ಆಗಲ್ಲ, ಅದನ್ನ ಕೆತ್ತಿದ್ದೇ ಹಲವರಿಗೆ ಸಿಗ್ಲಿ ಅಂತ. ನನ್ನ ಬ್ಲಾಕ್‌ಗಳಿಗೆ ನಾನು ಗೀರು ಹಾಕಲ್ಲ, ನಂಬರೂ ಹಾಕಲ್ಲ, ಹೆಸರು ಮತ್ತು ಇಸವಿ ಮಾತ್ರ. ಇಂಕ್ ಒರೆಸಿ, ಧೂಳು ಕೂರದ ಹಾಗೆ ಕಾಗದ ಸುತ್ತಿ ಇಡ್ತೀನಿ, ಬೇಕಾದಾಗ ಮತ್ತೆ ತೆಗೀತೀನಿ.

ಪ್ರಿಂಟ್ ಮಾಡೋರ ನಡುವೆ ಎಕ್ಸ್‌ಚೇಂಜ್ ಅಂತ ಒಂದು ಪದ್ಧತಿ ಇದೆ, ನಂಗೆ ತುಂಬ ಇಷ್ಟ. ಎಷ್ಟು ಜನ ಸೇರ್ತಾರೋ ಅಷ್ಟು ಪ್ರತಿಗಳನ್ನ ಪ್ರತಿಯೊಬ್ಬರೂ ತೆಗೆದು ಒಂದು ಕಡೆ ಕಳಿಸ್ತಾರೆ, ಅಲ್ಲಿ ಯಾರಾದ್ರೂ ಕೂತು ಜೋಡಿಸಿ ಪ್ರತಿಯೊಬ್ಬರಿಗೂ ಎಲ್ಲರ ಒಂದೊಂದು ಪ್ರಿಂಟ್ ಇರೋ ಕಟ್ಟು ವಾಪಸ್ ಕಳಿಸ್ತಾರೆ. ದುಡ್ಡಿನ ಮಾತೇ ಇಲ್ಲ. ಹಲವು ವರ್ಷದ ಅನುಭವ ಇರೋರ ಎಚಿಂಗ್ ಪಕ್ಕದಲ್ಲೇ ಮೊದಲ ಸಲ ಉಳಿ ಹಿಡಿದೋರ ಲಿನೋ ಇರುತ್ತೆ. ಪೇಂಟಿಂಗ್ ಮಾಡೋರು ಇದನ್ನ ಮಾಡೋಕೆ ಆಗಲ್ಲ, ಒಂದೇ ಇರೋದನ್ನ ಎಷ್ಟು ಜನಕ್ಕೆ ಕೊಡ್ತೀರ? ಅಂಥ ಕಟ್ಟು ಬಂದ ದಿನ ನಂಗೆ ಬೇರೆ ಕೆಲಸ ಆಗಲ್ಲ. ಒಂದೊಂದನ್ನೂ ಕಿಟಕಿ ಹತ್ತಿರ ಹಿಡಿದು, ಹಿಂದೆ ಮುಂದೆ ತಿರುಗಿಸಿ, ಇವರು ಚಮಚದಲ್ಲಿ ಉಜ್ಜಿದ್ದಾರೆ, ಇವರ ಹತ್ತಿರ ಪ್ರೆಸ್ ಇದೆ, ಇವರ ಇಂಕ್‌ನಲ್ಲಿ ಎಣ್ಣೆ ಸ್ವಲ್ಪ ಜಾಸ್ತಿ ಆಗಿ ಅಕ್ಷರದ ಸುತ್ತ ಹಳದಿ ಇಳಿದಿದೆ, ಇವರು ಆ ಎಲೆಯ ನರಗಳನ್ನ ಕೆತ್ತೋಕೆ ಯಾವ ಉಳಿ ಹಿಡಿದಿರಬಹುದು ಅಂತ ನೋಡ್ತಾ ಕೂತ್ಕೋತೀನಿ, ಗೊತ್ತಾಗದೆ ಇದ್ದಿದ್ದನ್ನ ಅವರಿಗೇ ಬರೆದು ಕೇಳ್ತೀನಿ, ಇಲ್ಲಿಯವರೆಗೆ ಯಾರೂ ಹೇಳಲ್ಲ ಅಂದಿಲ್ಲ.